ಹಗುರಾದ ಕರೆಯೋಲೆ

ನಂಬಲ್ಲ ಅನ್ನೋರು ಈಗಲೇ ಎದ್ದು ಹೋಗಿ, ಇಲ್ಲಾ ಪಂದ್ಯ ಕಟ್ಟಿ: ಅನಿಮೇಷನ್ ವಿಡಿಯೊವನ್ನು ಅಂದ ಕೆಡದಂಗೆ ಕುಗ್ಗಿಸೋ ಗಂಡು ಇಡೀ ಚೆನ್ನೈನಲ್ಲಿ ನಾನೊಬ್ಬನೇ. ಊರಲ್ಲಿ ಒಂದೇ ಗಾಡಿಗೆ ಎರಡು ಗಾಡಿ ಹುಲ್ಲು ಹೇರಿ, ಒಂದು ಎಳೆ ಬೀಳದಂಗೆ ಮನೆ ಮುಟ್ಟಿಸಿದೋನು; ಇಲ್ಲಿ ಗಿಂಡಿ ಏರಿಯಾದ ಸ್ಟುಡಿಯೋದಲ್ಲಿ ಮಾಡೋದೂ ಅದನ್ನೇ. ಈ ಕಸುಬಲ್ಲಿ ಒಂದಲ್ಲ ಒಂದು ಫಜೀತಿ ನಡೀತಾನೇ ಇರುತ್ತೆ. ಈ ಸಲದ್ದು ಪಕ್ಕದ ಹೋಟೆಲ್ ಯಜಮಾನರ ಮಗಳ ಮದುವೆ ಕರೆಯೋಲೆ ವಿಡಿಯೊ. ಅವರು ಕುಂದಾಪುರದ ಕಡೆಯವರು.

"ವಾಟ್ಸಾಪಲ್ಲಿ ಎಲ್ಲರಿಗೂ ಹೋಗ್ಬೇಕು ಮಾರಾಯ, ಚಂದವೂ ಕೆಡಬಾರ್ದು. ಮಾಡಿಕೊಟ್ರೆ ಮದುವೆ ದಿನ ಮೊದಲ ಪಂಕ್ತಿಯಲ್ಲಿ ನಿನಗೊಂದು ಎಲೆ."

"ಆಯ್ತು ಅಂದ್ಕೊಳ್ಳಿ" ಅಂದೆ.

ಹೂಮಳೆ

ವಿಡಿಯೊದಲ್ಲಿ ಗಂಡು ಹೆಣ್ಣಿನ ಮೇಲೆ ಮಲ್ಲಿಗೆ ಸುರಿಯುತ್ತೆ. ಒಂದೊಂದು ಎಸಳೂ ಅಲುಗಾಡೋದ್ರಿಂದ ಫೈಲು ಆನೆ ಗಾತ್ರ. ಹೂ ಕಮ್ಮಿ ಮಾಡಿದೆ. ಯಜಮಾನರು ಗಲ್ಲಾ ಬಿಟ್ಟು ಓಡಿ ಬಂದರು.

"ಹೂ ಎಲ್ಲಿ? ಇದು ಮದುವೆಯಾ, ತಿಥಿಯಾ?"

"ಹೂ ಉದುರಿದಷ್ಟೂ ತೂಕ ಜಾಸ್ತಿ, ಯಜಮಾನ್ರೇ."

"ಹೂವಿಗೆ ಎಂಥ ತೂಕ? ತೂಕ ಇರುವುದು ನನ್ನ ಹೆಂಡತಿಯ ಅಣ್ಣನಿಗೆ. ಬೇಕಾದ್ರೆ ಅವರನ್ನು ಕಮ್ಮಿ ಮಾಡು!"

ಮಸುಕು

ಕಡೆಗೆ ಕಮ್ಮಿಯಾದದ್ದು ಆ ಹೆಂಡತಿಯ ಅಣ್ಣನೇ. ಹೂ ಎಲ್ಲ ಉಳಿಸಿ ಫೈಲನ್ನು ಬಲವಂತವಾಗಿ ಹಿಂಡಿದೆ; ಕೊನೆಯಲ್ಲಿ ಸಣ್ಣಕ್ಷರದಲ್ಲಿದ್ದ ಹಿರಿಯರ ಹೆಸರುಗಳು ಕಲಸಿಹೋದವು. ಹೆಣ್ಣಿನ ಸೋದರಮಾವ ಊರಿಂದ ಫೋನಲ್ಲೇ ಗುಡುಗಿದರು: "ನನ್ನ ಹೆಸರಿರುವಲ್ಲಿ ಗಂಜಿ ಚೆಲ್ಲಿದ ಹಾಗೆ ಉಂಟು! ನಾನು ಮದುವೆಗೆ ಬರುವುದಿಲ್ಲ."

"ಎಲ್ಲರದ್ದೂ ಹಾಗೇ ಉಂಟು ಭಾವಯ್ಯ" ಅಂತ ಯಜಮಾನರು ಗೋಗರೆದರು.

"ಉಳಿದವರದ್ದು ನಾನು ನೋಡ್ಲಿಲ್ಲ!"

ಹೆಣ್ಣನ್ನು ಮಂಟಪಕ್ಕೆ ಕರೆತರಬೇಕಾದೋರೇ ಅವರು. "ನನ್ನಣ್ಣ ಬಾರದಿದ್ರೆ ಧಾರೆಗೆ ನೀವೊಬ್ಬರೇ ಕೂತ್ಕೊಳ್ಳಿ" ಅಂತ ಯಜಮಾನರ ಹೆಂಡತಿ ಹೇಳಿಬಿಟ್ಟರು. ಚೆನ್ನೈನಲ್ಲೇ ಓದಿ ಬೆಳೆದ ಮಗಳೊಬ್ಬಳಿಗೇ ನಿಶ್ಚಿಂತೆ. ಮಂಟಪಕ್ಕೆ ತಾನೇ ನಡ್ಕೊಂಡು ಬರ್ತೀನಿ ಅಂತ ತಮಿಳಲ್ಲಿ ಅಪ್ಪನಿಗೆ ಧೈರ್ಯ ಹೇಳಿದಳು.

ಡಾಕ್ಯುಮೆಂಟು

ನಾವು ಹಿಂಡಿದ್ದನ್ನ ವಾಟ್ಸಾಪು ಇನ್ನೊಂದು ಸಲ ಹಿಂಡುತ್ತೆ. ಅದನ್ನ ತಪ್ಪಿಸೋಕೆ ದೊಡ್ಡ ಫೈಲನ್ನೇ 'ಡಾಕ್ಯುಮೆಂಟ್' ಮಾಡಿ ಸೋದರಮಾವನಿಗೆ ಕಳಿಸಿದೆ. ಒಂದು ಚುಕ್ಕಿಯೂ ಕೆಡಲ್ಲ. ಆದ್ರೆ ಅತ್ತಿಂದ ಸದ್ದೇ ಇಲ್ಲ. ಕುಂತಲ್ಲಿ ಕೂರೋ ಜೀವ ಅಲ್ಲ ನಂದು. ಸ್ಟುಡಿಯೋಗೂ ಹೋಟೆಲಿಗೂ ತಿರುಗಿ ತಿರುಗಿ ಚಪ್ಪಲಿ ಸವೆಸಿದೆ. ಕಡೆಗೆ ಫೋನು ಬಂತು.

"ಡಾಕ್ಯುಮೆಂಟ್ ಕಳಿಸಿದ್ದೀರಿ. ತಂಗಿಗೆ ಆಸ್ತಿಯಲ್ಲಿ ಪಾಲು ಬೇಕಿದ್ರೆ ಬಾಯಲ್ಲಿ ಕೇಳ್ಬಹುದಿತ್ತು. ನಾನು ತೆರೆಯಲಿಲ್ಲ, ವಕೀಲರಿಗೆ ಕಳಿಸಿದ್ದೇನೆ."

ವಕೀಲರು ತೆರೆದು ನೋಡಿ ಉತ್ತರ ಕೊಟ್ಟರಂತೆ: "ಜೋಡಿ ಚೆನ್ನಾಗಿದೆ. ಊಟ ಯಾವತ್ತು?"

ಹಗುರ

ಸೋದರಮಾವ ಮಾತ್ರ ಅದನ್ನ ತೆರೀಲೇ ಇಲ್ಲ. ಸೋಲೊಪ್ಪೋ ಗಂಡಾ ನಾನು? ವಿಡಿಯೊದೊಳಗಿನ ಚಪ್ಪರ, ಗೋಡೆ, ಬಾಳೆಕಂಬ ಎಲ್ಲ ಅಲ್ಲಾಡದಂಗೆ ನಿಲ್ಲಿಸಿದೆ. ಹೂಮಳೆ ಶುರುವಿಗಷ್ಟೇ. ಸೋದರಮಾವನ ಹೆಸರು ಮಾತ್ರ ಪರದೆ ತುಂಬ, ಕದಲದೆ. ನಿಂತ ಅಕ್ಷರಕ್ಕೆ ತೂಕವೇ ಇಲ್ಲ ನೋಡಿ! ಫೈಲು ಹತ್ತಿಯಷ್ಟು ಹಗುರ, ಹೆಸರು ಕನ್ನಡಿಯಷ್ಟು ನಿಚ್ಚಳ. ಸೋದರಮಾವ ಉಬ್ಬಿಹೋಗಿ ಕಂಡಕಂಡವರಿಗೆಲ್ಲ ಕಳಿಸಿದರು. ನೋಡಿದೋರೆಲ್ಲ ಚೆನ್ನೈನಲ್ಲಿರೋ ತಮ್ಮ ತಮ್ಮವರಿಗೆ ಕಳಿಸಿದರು.

ಮದುವೆ ದಿನ ಚೆನ್ನೈನ ಛತ್ರದಲ್ಲಿ ಹೆಣ್ಣಿನ ಕೈಹಿಡಿದು ತಂದದ್ದು ಸೋದರಮಾವನೇ. ಅವರ ಹಿಂದೆಯೇ ಜನ! ಎಣ್ಣೂರಿಂದ ನುಂಗಂಬಾಕ್ಕಂವರೆಗೆ ನಮ್ಮ ಕನ್ನಡದೋರ ಹೋಟೆಲುಗಳಲ್ಲಿ ಬಡಿಸೋರೆಲ್ಲ ಅವತ್ತು ಉಣ್ಣೋಕೆ ಬಂದಿದ್ದರು. ಇಲ್ಲಿ ಬಡಿಸೋಕೆ ಜನ ಸಾಲದು. ನಾನು ಮೊದಲ ಪಂಕ್ತೀಲಿ ಕೂತು ಎಲೆಗೆ ನೀರು ಚಿಮುಕಿಸ್ತಿದ್ದೆ. ಯಜಮಾನರು ಬಂದು ರಟ್ಟೆ ಹಿಡಿದರು.

"ಏಳು ಮಾರಾಯ. ಇವರನ್ನೆಲ್ಲ ಕರೆದದ್ದು ನಾನಲ್ಲ, ನಿನ್ನ ವಿಡಿಯೊ."

ಕೊನೆಗೆ ನನಗೆ ಕೊಟ್ಟದ್ದು ಒಂದು ಸಾರಿನ ಬಕೆಟ್ಟು, ಒಂದು ಸೌಟು.