ಕಾಕಾನ ಬೆನ್ನಿಗೆ ಎಣ್ಣಿ ಕ್ಯಾನು

ನಮ್ಮ ಕಾಕಾನಷ್ಟು ಧೈರ್ಯದ ಮನಶ್ಯಾ ಇಡೀ ಕುಷ್ಟಗಿ ತಾಲೂಕಿನಾಗ ಇನ್ನೊಬ್ಬ ಸಿಗಂಗಿಲ್ಲ. ಷರತ್ತು ಒಂದೇ, ಎದುರಿಗೆ ನೀರು ಇರಬಾರದು! ಹೊಲದಾಗ ನಾಗರಹಾವು ಹೆಡಿ ಎತ್ತಿದ್ರ "ನಡಿಯಪಾ, ನಿನ್ನ ದಾರಿ ನೀ ಹಿಡಿ" ಅಂತ ಕೋಲಿನಿಂದ ಬದಿಗೆ ಸರಿಸೋ ಆಸಾಮಿ ಇಂವ. ಆದ್ರ ತನ್ನದ ಬಾವಿಯೊಳಗ ಇಣುಕಬೇಕಂದ್ರ ಯಾರದರ ಕೈಯಾಗ ಧೋತರದ ಚುಂಗು ಕೊಟ್ಟು, "ಬಿಗಿಯಾಗಿ ಹಿಡಿ" ಅಂತ ಮೂರು ಸಲ ಹೇಳಿ ಆಮ್ಯಾಲೆ ಇಣುಕತಾನ. ಈಜು ಯಾಕ ಕಲೀಲಿಲ್ಲ ಅಂತ ಕೇಳಿದ್ರ, "ಹೆಸರಿನಾಗ ಬಿಟ್ಟು ಎಲ್ಲೂ ಸಾಗರ ಇಲ್ಲದ ಹನುಮಸಾಗರದಾಗ ಹುಟ್ಟಿದಾವಗ ಈಜು ಯಾಕ ಬೇಕೋ?" ಅಂತ ನಮ್ಮ ಬಾಯಿ ಮುಚ್ಚಸತಾನ.

ಚಿಗವ್ವ, ಅಂದ್ರ ಕಾಕಾನ ಹೆಂಡ್ತಿ, ಗಂಗಾವತಿ ಕಡೆಯಾಕಿ. ತವರುಮನಿ ಕಾಲುವಿ ದಂಡಿ ಮ್ಯಾಲೆ. ಸಣ್ಣಾಕಿದ್ದಾಗ ಈ ದಂಡಿಯಿಂದ ಆ ದಂಡಿಗೆ ಈಜಿ ಬರತಿದ್ಲಂತ. ಲಗ್ನ ಆಗಿ ಹನುಮಸಾಗರಕ್ಕ ಬಂದ ಮ್ಯಾಲೆ ಕೊಡದಾಗಿನ ನೀರು ಬಿಟ್ಟು ಬ್ಯಾರೆ ನೀರು ಕಾಣಲಿಲ್ಲ. "ಒಮ್ಮೆ ದೋಣ್ಯಾಗ ಕುಂದರಬೇಕು ನೋಡ್ರಿ" ಅಂತ ಪ್ರತಿ ವರ್ಷ ಕೇಳತಿದ್ಲು. ಕಾಕಾ ಪ್ರತಿ ಸಲ "ಮುಂದಿನ ವರ್ಷ" ಅಂತಿದ್ದ. ಈ ಸಲ ಡಾಕ್ಟರು ಆಕಿ ಮಣಕಾಲು ನೋಡಿ ಆಪರೇಷನ್ ಮಾತು ಎತ್ತಿದರು. "ಕಾಲು ನಡ್ಯೂದು ನಿಲ್ಲೂದ್ರೊಳಗ ಕರಕೊಂಡು ಹೋಗ್ರಿ" ಅಂದ್ಲು ಚಿಗವ್ವ. ಮೂರನೇ ದಿನ ಕಾಕಾ ನನಗ ಫೋನ್ ಮಾಡಿ, "ಕೇರಳದ ಅಲೆಪ್ಪಿಗೆ ಮೂರು ಟಿಕೆಟ್ ತಗಸು. ನೀನೂ ಬಾ" ಅಂದ. ನನಗೂ ಈಜು ಬರಂಗಿಲ್ಲ ಅನ್ನೋದು ಅವನಿಗೆ ಗೊತ್ತಿರಲಿಲ್ಲ. ನಾ ಹೇಳಲೂ ಇಲ್ಲ!

ನಮ್ಮ ಕಡೆ ಹುಡುಗರಿಗೆ ಬಾವ್ಯಾಗ ಈಜು ಕಲಸಬೇಕಾದ್ರ ಬೆನ್ನಿಗೆ ಖಾಲಿ ಎಣ್ಣಿ ಕ್ಯಾನು ಕಟ್ಟತಾರ, ಮುಳುಗಬಾರದಂತ. ನಮ್ಮ ಕಾಕಾ, ಮೊಮ್ಮಕ್ಕಳ ಅಜ್ಜ, ಕೊಪ್ಪಳ ಟೇಶನ್ನಿಗೆ ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಬಂದ!

"ಕಾಕಾ, ಇನ್ನೂ ರೈಲು ಸುದ್ದಾ ಹತ್ತಿಲ್ಲ!"

"ರೂಢಿ ಆಗಲೆಪಾ."

ಅಲೆಪ್ಪಿಯೊಳಗ ಹೌಸ್‌ಬೋಟಿನಾಂವ ಮೂವರಿಗೂ ಲೈಫ್ ಜಾಕೆಟ್ ಕೊಟ್ಟ. ಚಿಗವ್ವ ಹಾಕ್ಕೊಂಡ್ಲು, ನಾ ಓಡಿಹೋಗಿ ಹಾಕ್ಕೊಂಡೆ. ಕಾಕಾ ಜಾಕೆಟ್ ಹಿಚುಕಿ ನೋಡಿ, "ಇದರೊಳಗ ಏನೈತೋ ಯಾವನಿಗೆ ಗೊತ್ತು? ನನ್ನ ಕ್ಯಾನಿನಾಗ ಏನೂ ಇಲ್ಲಂತ ನನಗ ಖಾತ್ರಿ ಐತಿ" ಅಂತ ಹೊಳ್ಳಿ ಕೊಟ್ಟ.

ದೋಣಿ ಎಷ್ಟು ಸಾವಕಾಶ ಹೊಂಟಿತ್ತಂದ್ರ ಬಾತುಕೋಳಿಗಳು ನಮ್ಮನ್ನ ಹಿಂದ ಹಾಕಿ ಹೋದ್ವು. ಆದ್ರೂ ಕಾಕಾ, "ಜೋರು ಓಡಸಬ್ಯಾಡ ಅನ್ನೋ ಅವಗ!" ಅಂತ ಒದರತಿದ್ದ. ನಡುಕಂಬ ಅಪ್ಪಿಕೊಂಡು ಕುಂತಾಂವ ಏಳಲಿಲ್ಲ. ಊಟಕ್ಕ ಕರದ್ರ, "ಇಲ್ಲೇ ಕೊಡು. ನಾ ಎದ್ರ ಇದು ವಾಲತೈತಿ" ಅಂದ. ಒಂದು ಕೈ ಕಂಬಕ್ಕ, ಒಂದು ಕೈ ರೊಟ್ಟಿಗೆ. ನಗಬೇಕಂತ ನೋಡಿದ್ರ, ಕಂಬ ಬಿಡಬೇಕಾಗತೈತಂತ ನೀರಿನ ಲೋಟಾ ಸುದ್ದಾ ಮುಟ್ಟಿರಲಿಲ್ಲ. ಖರೇನ ಅಂಜಿದ್ದ ಪಾಪ.

ಸಂಜೀಮುಂದ ಹೌಸ್‌ಬೋಟು ದಂಡಿಗೆ ನಿಂತಿತು, ಸಣ್ಣ ಕಾಲುವಿಯೊಳಗ ಹೋಗಾಕ ಸಣ್ಣ ದೋಣಿ ಬಂತು. ಕಾಕಾ ದಂಡಿಗೆ ಕುಂತು, "ನೀವು ಹೋಗಿ ಬರ್ರಿ, ನಾ ಚಪ್ಪಲಿ ಕಾಯತೀನಿ" ಅಂದ.

"ನಾನೊಬ್ಬಾಕಿನ ನೋಡಾಕ ಇಲ್ಲೀಮಟ ಬರಬೇಕಿತ್ತೇನ್ರಿ?" ಅಂದ್ಲು ಚಿಗವ್ವ. ಮಾರಿ ಸಣ್ಣದು ಮಾಡಿದ್ಲು.

ಕಾಕಾ ಆ ಮಾರಿ ನೋಡಿದ. ಹೇಮಗುಡ್ಡದ ದುರ್ಗವ್ವನ್ನ ನೆನಸಿ, ಕಣ್ಣು ಮುಚ್ಚಿ, ದೋಣ್ಯಾಗ ಕಾಲಿಟ್ಟ.

ಅರ್ಧ ದಾರ್‍ಯಾಗ ಬಾಜೂಕ ದೊಡ್ಡ ಬೋಟೊಂದು ಹಾದುಹೋತು. ಅದರ ತೆರಿ ಬಡದು ನಮ್ಮ ದೋಣಿ ಒಂದು ಮಗ್ಗಲಕ್ಕ ವಾಲಿತು. ನೀರು ಒಳಗ ನುಗ್ಗಿ ಕಾಲು ತೋಯ್ದ್ವು. ನನ್ನ ಜೀವ ಬಾಯಿಗೆ ಬಂತು! ಕಾಕಾ ಚೀರಲಿಲ್ಲ, ಅಳಲಿಲ್ಲ. ಚಟ್ಟನ ತನ್ನ ಕ್ಯಾನಿನ ಹಗ್ಗ ಬಿಚ್ಚಿ, "ಹಿಡಿ, ಹಿಡಿ, ಅಲುಗಬ್ಯಾಡ!" ಅಂತ ಚಿಗವ್ವನ ಬೆನ್ನಿಗೆ ಎರಡು ಗಂಟು ಹಾಕಿ ಕಟ್ಟಿಬಿಟ್ಟ. ಬಾಜೂಕ ಸ್ವಂತ ಅಣ್ಣನ ಮಗ ಕುಂತಿದ್ನಲ್ಲಾ, ನನ್ನ ಕಡೆ ಹೊಳ್ಳಿ ಸುದ್ದಾ ನೋಡಲಿಲ್ಲ!

ದೋಣಿ ತನ್ನಷ್ಟಕ್ಕ ನೆಟ್ಟಗಾತು. ಚಿಗವ್ವನ ಮೈಮ್ಯಾಲೆ ಜಾಕೆಟ್ ಇತ್ತು, ಆಕಿಗೆ ಈಜು ಬರತಿತ್ತು, ಮ್ಯಾಲೆ ಈಗ ಕ್ಯಾನೂ ಬಂತು. ಕಾಕಾನ ಹತ್ರ ಏನೂ ಉಳದಿರಲಿಲ್ಲ.

"ಅಲ್ರೀ," ಅಂದ್ಲು ಆಕಿ, "ಕಾಲುವಿ ಈಜಿದಾಕಿ ನಾನು. ಈಜು ಬರಲಾರದವರು ನೀವು."

ಕಾಕಾ ಬಾಯಿ ತಕ್ಕೊಂಡು ಆಕಿನ್ನ ನೋಡಿದ. "ಹೌದಲ್ಲ!" ಅಂದ. "ಆಗ ನೆನಪ ಆಗಲಿಲ್ಲ ನೋಡು."

ನಗತಾಳೇನೋ ಅಂದುಕೊಂಡೆ. ನಗಲಿಲ್ಲ. ಕ್ಯಾನು ಬಿಚ್ಚಿ ಕೊಡಾಕ ಹೋದ್ರ ಮತ್ತ ಅಂಜತಾನಂತ ಬಿಚ್ಚಲೂ ಇಲ್ಲ. ದಂಡಿ ಮುಟ್ಟೋತನಕ ಆಕಿ ಒಂದು ಕೈ ನೀರಾಗ ಬಿಟ್ಟು ಕುಂತಿದ್ಲು. ಇನ್ನೊಂದು ಕೈಯಾಗ ಕಾಕಾನ ಧೋತರದ ಚುಂಗು ಬಿಗಿಯಾಗಿ ಹಿಡದಿದ್ಲು.