ಪಡಸಾಲೆಯ ಸುಪ್ರೀಂ ಕೋರ್ಟು

ದೇಶದ ಸುಪ್ರೀಂ ಕೋರ್ಟು ದೆಹಲಿಯಲ್ಲಿದೆ ಎಂದು ನೀವು ನಂಬಿಕೊಂಡಿದ್ದರೆ ನಾನೇನೂ ತಕರಾರು ಮಾಡುವುದಿಲ್ಲ. ನಂಬಿಕೊಂಡು ಸುಖವಾಗಿರಿ! ನಮ್ಮ ಮನೆತನದ ಮಟ್ಟಿಗೆ ಮಾತ್ರ ಅದು ಇರುವುದು ಚಿತ್ರದುರ್ಗದಲ್ಲಿ, ನಮ್ಮ ಮನೆಯ ಪಡಸಾಲೆಯಲ್ಲಿ, ಬೆತ್ತದ ಕುರ್ಚಿಯ ಮೇಲೆ. ಅದರ ಮಡಿಲಲ್ಲಿ ಒಂದು ಮೊರ, ಮೊರದ ತುಂಬ ಶೇಂಗಾ. ಅದು ನನ್ನ ಸೋದರತ್ತೆ, ಅಂದರೆ ತೀರಿಕೊಂಡ ನಮ್ಮಪ್ಪನ ಅಕ್ಕ. ಶೇಂಗಾ ಸುಲಿಯುತ್ತ ಸುಲಿಯುತ್ತಲೇ ಆಕೆ ಎಷ್ಟೋ ಜನರನ್ನೂ ಸುಲಿದು ಕಳಿಸಿದ್ದಾಳೆ. ಅವರಲ್ಲಿ ನಾನೂ ಒಬ್ಬ. ಹಾಗಾಗಿ ಈ ಬರಹದಲ್ಲಿ ಅಲ್ಲಲ್ಲಿ ಸೋತವನ ಹೊಟ್ಟೆಯುರಿ ಕಂಡುಬಂದರೆ ದಯವಿಟ್ಟು ಕಾಣದವರ ಹಾಗೆ ಮುಂದೆ ಓದಿಕೊಳ್ಳಿ.

ಅತ್ತೆ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹೆಡ್‌ಮಿಸ್ಸಾಗಿ ನಿವೃತ್ತಳಾದವಳು. ಮದುವೆಯಾಗಲಿಲ್ಲ. ಯಾಕೆ ಎಂದು ನಮ್ಮಲ್ಲಿ ಯಾರೂ ಕೇಳಿದವರಿಲ್ಲ. ನಮ್ಮ ಮನೆಯಲ್ಲಿ ಪ್ರಶ್ನೆ ಕೇಳುವವಳು ಅವಳು, ಉತ್ತರ ಗೊತ್ತಿಲ್ಲದೆ ನಿಲ್ಲುವವರು ನಾವು.

ನಿವೃತ್ತಿಯ ಮೇಲೆ ಬೇರೆಯವರು ಸೀರಿಯಲ್ಲು ಹಿಡಿಯುತ್ತಾರೆ, ಇಲ್ಲವೇ ಮಂಡಿನೋವು ಹಿಡಿಯುತ್ತದೆ. ಅತ್ತೆಯನ್ನು ಹಿಡಿದದ್ದು ದೆಹಲಿ! ಅಲ್ಲಿಯ ದೊಡ್ಡ ಪೀಠದ ವಾದಗಳನ್ನು ಈಗ ನೇರವಾಗಿ ತೋರಿಸುತ್ತಾರೆ ಎಂಬ ಸಂಗತಿ ಒಂದು ದಿನ ಅದು ಹೇಗೋ ಅವಳ ಫೋನಿಗೆ ಬಂತು. ಅಂದಿನಿಂದ ನಾನು ಕ್ರಿಕೆಟ್ಟಿಗೆಂದು ಆಸೆಪಟ್ಟು ತಂದ ದೊಡ್ಡ ಟಿವಿಯಲ್ಲಿ ಕರಿಕೋಟುಗಳೇ ಕುಣಿಯತೊಡಗಿದವು. ಒಂದು ಓವರನ್ನು ಪೂರ್ತಿ ನೋಡಿದ ನೆನಪು ನನಗಿಲ್ಲ. "ನೋಡು, ಈ ಕನ್ನಡಕದೋನು ಒಳ್ಳೆ ಪಾಯಿಂಟು ತಂದ. ಆದ್ರೆ ಹೇಳಿದ್ದನ್ನೇ ಎಷ್ಟು ಸಲ ಹೇಳ್ತಾನಪ್ಪ! ನಮ್ಮ ಸ್ಕೂಲಾಗಿದ್ರೆ ಹೊರಗೆ ನಿಲ್ಲಿಸ್ತಿದ್ದೆ" ಎಂದು ಶೇಂಗಾ ಬಾಯಿಗೆ ಹಾಕಿಕೊಳ್ಳುತ್ತಾಳೆ. ಒಮ್ಮೆ ವಾದ ಕಾವೇರಿದ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಅತ್ತೆ ನೇರವಾಗಿ ಲೈನ್‌ಮನ್ನಿಗೇ ಫೋನು ಮಾಡಿದಳು. "ಅಲ್ಲಿ ಒಂಬತ್ತು ಜನ ಜಡ್ಜುಗಳು ಕುಂತವ್ರೆ, ನೀನು ಇಲ್ಲಿ ಫ್ಯೂಸ್ ಕಿತ್ಕಂಡು ನಿಂತೀಯಲ್ಲಪ್ಪ!" ಆ ಬಡಪಾಯಿ ಕೋರ್ಟಿನಿಂದಲೇ ಯಾರೋ ಮಾತಾಡುತ್ತಿದ್ದಾರೆಂದು ತಿಳಿದು ಓಡಿಬಂದು ಕಂಬ ಹತ್ತಿದ.

ನೇರಪ್ರಸಾರ ಇಲ್ಲದ ದಿನ ಪೇಪರಿನ ಕೋರ್ಟು ಸುದ್ದಿ. ಅದನ್ನು ಓದಿ ಓದಿ ಅವಳಿಗೆ ಬೆರಗೋ ಬೆರಗು. "ಬೆಳಗ್ಗೆ ಒಬ್ಬನ ಗಲ್ಲುಶಿಕ್ಷೆ, ಮಧ್ಯಾಹ್ನ ಯಾವುದೋ ಕಂಪನಿ ತೆರಿಗೆ, ಆಮೇಲೆ ಒಬ್ಬ ಗುಮಾಸ್ತನ ಬಡ್ತಿ, ಕೊನೆಗೆ ಗಂಡ ಹೆಂಡ್ತಿ ಜಗಳ! ಎಲ್ಲಾದಕ್ಕೂ ಅದೇ ಕುರ್ಚಿ ಕಣೋ. ನಾನೂ ಇದೇ ಮಾಡ್ತಿದ್ನಲ್ಲ? ಲೆಕ್ಕ ಹೇಳ್ಕೊಡ್ತಾನೇ ಬಿಸಿಯೂಟದ ಸಾರಿಗೆ ಉಪ್ಪು ನೋಡ್ತಿದ್ದೆ, ಹುಡ್ಗೀರ ಜಡೆಜಗಳ ಬಿಡಿಸ್ತಿದ್ದೆ." ಹೀಗೆ ಅಂದವಳೇ ಬೆತ್ತದ ಕುರ್ಚಿಯನ್ನು ಪಡಸಾಲೆಯ ನಡುವಿಗೆ ಎಳೆಸಿಕೊಂಡಳು. ಎಳೆದವನು ನಾನೇ.

ಮೊದಲ ಅಪೀಲೂ ನನ್ನದೇ, ಕ್ರಿಮಿನಲ್ಲು. ಡಬ್ಬಿಯಲ್ಲಿದ್ದ ಕೊನೆಯ ಶೇಂಗಾ ಹೋಳಿಗೆಯನ್ನು ತಿಂದವನು ನಾನು ಎಂದು ನನ್ನ ಹೆಂಡತಿ ತೀರ್ಪಿತ್ತು, ವಾರಪೂರ್ತಿ ಪಾತ್ರೆ ತೊಳೆಯುವ ಶಿಕ್ಷೆ ವಿಧಿಸಿದ್ದಳು. ನಾನು ಅತ್ತೆಯ ಮುಂದೆ ಹೋಗಿ ಅದನ್ನು ಪಕ್ಕದ ಮನೆಯ ಬೆಕ್ಕು ತಿಂದಿರಬಹುದಲ್ಲವೇ ಎಂದು ವಿನಯದಿಂದ ಸೂಚಿಸಿದೆ.

"ಈ ಬೆಕ್ಕಿನ ವಿಷಯ ಕೆಳಗಿನ ಕೋರ್ಟಿನಾಗೆ ಯಾಕೆ ಹೇಳಲಿಲ್ಲ?"

"ಆಗ ನೆನಪಾಗಲಿಲ್ಲ ಅತ್ತೆ."

"ನೆನಪಾಗಲಿಲ್ವೋ, ಬೆಕ್ಕು ಇನ್ನೂ ಹುಟ್ಟಿರಲಿಲ್ವೋ? ಹೊಸ ಸಾಕ್ಷಿ ತರೋ ಜಾಗ ಅಲ್ಲ ಇದು. ಕೆಳಗೆ ಏನು ಹೇಳಿದ್ಯೋ ಅದು ಸರಿ ಐತಾ ತಪ್ಪೈತಾ, ಅಷ್ಟೇ ಇಲ್ಲಿ."

ಅಪರಾಧ ಖಾಯಂ ಆಯಿತು. ಮೊದಲ ಅಪರಾಧವೆಂದು ಕರುಣೆ ತೋರಿ ಶಿಕ್ಷೆಯನ್ನು ಒಂದು ದಿನಕ್ಕೆ ಇಳಿಸಿದಳು. "ಮೊದಲ ಅಪರಾಧವಾ?" ಎಂದು ನನ್ನ ಹೆಂಡತಿ ಅಡುಗೆಮನೆಯಲ್ಲಿ ನಕ್ಕ ನಗು ಬೀದಿಗೆ ಕೇಳಿತು.

ಸುದ್ದಿ ಹಬ್ಬದೆ ಇರುತ್ತದೆಯೇ? ಎದುರುಮನೆ ಟೈಲರ್ ಸಾಬರ ನುಗ್ಗೆಮರದ ಕೊಂಬೆ ಪಕ್ಕದ ಗೌಡರ ಹಿತ್ತಿಲಿಗೆ ಬಾಗಿತ್ತು. ಕಾಯಿ ಯಾರದು ಎಂದು ಇಬ್ಬರೂ ಜಗಳವಾಡಿಕೊಂಡು ನಮ್ಮ ಪಡಸಾಲೆಗೇ ಬಂದರು. ಅತ್ತೆ ಇಬ್ಬರಿಗೂ ಟೀ ಕೊಡಿಸಿ ವಾಪಸ್ಸು ಕಳಿಸಿದಳು. "ನೇರ ಇಲ್ಲಿಗೆ ಬರಂಗಿಲ್ರಿ. ಕೆಳಗೆ ಯಾರ ಹತ್ರನಾದ್ರೂ ತೀರ್ಮಾನ ಆಗ್ಲಿ. ಸೋತೋರು ಬರ್ರಿ, ಕೇಳ್ತೀನಿ." ಸೋಲುವುದಕ್ಕೂ ಒಂದು ಜಾಗ ಬೇಕಲ್ಲ! ಇಬ್ಬರೂ ಟೀ ಅಂಗಡಿಯವನ ಹತ್ತಿರ ಹೋದರು. ಅವನು ಲೋಟ ತೊಳೆಯುತ್ತಲೇ, ಕಾಯಿ ಇಬ್ಬರಿಗೂ ಸಮಪಾಲು, ಕಿತ್ತುಕೊಡುವುದಕ್ಕೆ ನನಗೊಂದು ಸಾರಿಗಾಗುವಷ್ಟು ಎಂದ. ಇಬ್ಬರೂ ಒಪ್ಪಿ, ಹೆಗಲ ಮೇಲೆ ಕೈಹಾಕಿಕೊಂಡು ಮನೆಗೆ ಹೋದರು. ಅತ್ತೆ ಎರಡು ದಿನ ಬಾಗಿಲು ನೋಡಿದಳು. "ಅಪೀಲೇ ಬರಲಿಲ್ವಲ್ಲೋ" ಎಂದು ಆಮೇಲೆ ನನ್ನನ್ನೇ ಬೈದಳು.

ಇಷ್ಟೆಲ್ಲ ತಮಾಷೆಯ ನಡುವೆ ಒಂದು ದಿನ ನಿಜವಾದ ಕೇಸು ಬಂತು. ತಂದವಳು ಹೊಳಲ್ಕೆರೆಯ ಸಣ್ಣತ್ತೆ, ಅಂದರೆ ಅತ್ತೆಯ ಕೊನೆಯ ತಂಗಿ. ಬಸ್‌ಸ್ಟ್ಯಾಂಡಿನ ಹತ್ತಿರ ರವಿಕೆ ಹೊಲಿಯುವ ಅಂಗಡಿ ಅವಳದು. ಗಂಡ ತೀರಿಕೊಂಡು ಬಹಳ ವರ್ಷವಾಯಿತು, ಮಗಳು ಮದುವೆಯಾಗಿ ದಾವಣಗೆರೆ ಸೇರಿದಳು. ಪಕ್ಕದ ಅಂಗಡಿಯಲ್ಲಿ ಬೋರ್‌ವೆಲ್ ಮೋಟರಿಗೆ ತಂತಿ ಸುತ್ತುವವರೊಬ್ಬರಿದ್ದಾರೆ, ಹೆಂಡತಿಯನ್ನು ಕಳೆದುಕೊಂಡವರು. ಸಣ್ಣತ್ತೆಯ ಹೊಲಿಗೆ ಮಷೀನಿನ ಮೋಟರು ಪದೇ ಪದೇ ಸುಡುತ್ತಿತ್ತು, ಅವರು ಪದೇ ಪದೇ ಬಂದು ಸರಿ ಮಾಡುತ್ತಿದ್ದರು. ಅಷ್ಟು ಸಲ ಸುಡುವ ಮೋಟರು ಇಡೀ ತಾಲ್ಲೂಕಿನಲ್ಲಿ ಇನ್ನೊಂದಿರಲಿಲ್ಲವಂತೆ! ಅಂತೂ ಈಗ ಇಬ್ಬರೂ ಮದುವೆಯಾಗಬೇಕೆಂದು ನಿಶ್ಚಯಿಸಿದ್ದರು.

ಸಣ್ಣತ್ತೆ ಮೊದಲು ಹೊಸದುರ್ಗಕ್ಕೆ ಹೋಗಿ ಹಿರಿಯಣ್ಣನನ್ನು, ಅಂದರೆ ನಮ್ಮ ದೊಡ್ಡಪ್ಪನನ್ನು ಕೇಳಿದಳು. ದೊಡ್ಡಪ್ಪ ತೆಂಗಿನಕಾಯಿ ಸುಲಿಯುತ್ತಿದ್ದವನು ತಲೆಯೆತ್ತದೆ "ಬ್ಯಾಡ" ಅಂದನಂತೆ. ಅಲ್ಲಿಂದ ಹಿರಿಯೂರಿನ ಚಿಕ್ಕಣ್ಣನ ಹತ್ತಿರ ಹೋದಳು. ಇವನು ನಮ್ಮ ಚಿಕ್ಕಪ್ಪ, ಬಬ್ಬೂರಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸ. ಅವನು ತಂಗಿಗೆ ಕಾಫಿ ಕೊಟ್ಟು, ತಾನೂ ಕಣ್ಣೀರು ಹಾಕಿ, "ನನಗೇನೋ ಸರಿ ಅನ್ಸುತ್ತವ್ವ, ಆದ್ರೆ ಅಣ್ಣ ಬ್ಯಾಡ ಅಂದ್ ಮ್ಯಾಲೆ ನಂದೇನೈತೆ?" ಅಂದ. ಎರಡೂ ಕಡೆ ಸೋತು ಅವಳು ಚಿತ್ರದುರ್ಗದ ಬಸ್ಸು ಹತ್ತಿದ್ದಳು.

"ಯಾರ ಅಪ್ಪಣೆ ಯಾಕೆ ಬೇಕು?" ಎಂದು ನಾನು ಸಿಡುಕಿದೆ. "ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಸೈನ್ ಹಾಕಿದ್ರೆ ಆಯ್ತಲ್ಲ! ನಾನೇ ಸಾಕ್ಷಿ ಹಾಕ್ತೀನಿ."

"ಕದ್ದು ಆಗಾಕೆ ನಾನೇನು ತಪ್ಪು ಮಾಡಿದೀನಪ್ಪ?" ಅಂದಳು ಸಣ್ಣತ್ತೆ. "ನಮ್ಮಣ್ಣಂದ್ರು ಬಂದು ಅಕ್ಷತೆ ಹಾಕ್ಬೇಕು. ಇಲ್ಲಾಂದ್ರೆ ನನಗೆ ಈ ಮದುವೇನೇ ಬ್ಯಾಡ."

ಹೂಂ ಅನ್ನು ಎಂದು ಅತ್ತೆಗೆ ಕಣ್ಣಲ್ಲೇ ಹೇಳಿದೆ. ಅವಳು ಅನ್ನಲಿಲ್ಲ! ತಂಗಿಯನ್ನು ಊಟಕ್ಕೆ ಕೂರಿಸಿ, ಫೋನು ಎತ್ತಿಕೊಂಡು, ಭಾನುವಾರ ಬರಬೇಕೆಂದು ಅಣ್ಣನಿಗೂ ತಮ್ಮನಿಗೂ ಹೇಳಿದಳು. "ಇನ್ನೊಂದು ಕಡೆಯೋರನ್ನ ಕೇಳದೇ ಹೆಂಗೆ ಹೇಳ್ಲಿ? ಹಂಗೆ ಹೇಳಿದ್ರೆ ಅಣ್ಣನಿಗೂ ನನಗೂ ಏನು ವ್ಯತ್ಯಾಸ?" ನನಗೆ ಅವಳ ಮೇಲೆ ಆ ವಾರವೆಲ್ಲ ಸಿಟ್ಟಿತ್ತು.

ಭಾನುವಾರ ದೊಡ್ಡಪ್ಪ ಬಿಳಿ ಪಂಚೆಯುಟ್ಟು, ಸೋಲುವ ಯಾವ ಲಕ್ಷಣವೂ ಇಲ್ಲದೆ ಬಂದ. ಚಿಕ್ಕಪ್ಪ ಅವನ ಹಿಂದೆ ಬಂದು ಬಾಗಿಲ ಹತ್ತಿರದ ಸ್ಟೂಲು ಹಿಡಿದ. ಅತ್ತೆ ಮೊರ ಮಡಿಲಿಗೆಳೆದುಕೊಂಡಳು.

"ಇಲ್ಲಿ ಸೋತೋರು ಮೊದಲು ಮಾತಾಡ್ಬೇಕು. ಹೇಳವ್ವ."

ಸಣ್ಣತ್ತೆ ಸೆರಗಿನ ಅಂಚನ್ನು ಹೊಲಿಗೆಯವರ ಹಾಗೆ ಮಡಿಸುತ್ತ ಬಿಚ್ಚುತ್ತ ಹೇಳಿದಳು. "ಜಾಸ್ತಿ ಏನಿಲ್ಲಕ್ಕ. ಮಧ್ಯಾಹ್ನ ಬುತ್ತಿ ಬಿಚ್ಚಿದ್ರೆ ಎದುರಿಗೆ ಒಬ್ರು ಕುಂತಿರ್ತಾರೆ. ಸಂಜೆ ಮನೆಗೆ ಹೋದ್ರೆ ಯಾರೂ ಇರಲ್ಲ. ಅಷ್ಟೇ ನನ್ ಕೇಸು."

ದೊಡ್ಡಪ್ಪ ಕೆಮ್ಮಿದ. "ನಾನು ಕೇಳಾದು ಒಂದೇ. ಜನ ಏನಂತಾರೆ?"

"ಜನ ಈ ಕೇಸಿನಾಗೆ ಪಾರ್ಟಿ ಅಲ್ಲಣ್ಣ. ಅವರಿಗೆ ಅಷ್ಟು ಸಂಕಟ ಇದ್ರೆ ಅರ್ಜಿ ಹಾಕ್ಕಂಡು ಬರ್ಲಿ, ಕುಂದ್ರಿಸಿ ಕೇಳಾಣ."

"ವಯಸ್ಸಾದ್ರೂ ನೋಡ್ಬೇಕೋ ಬ್ಯಾಡ್ವೋ?"

"ಮದುವೆಗೆ ಇಷ್ಟು ವರ್ಷ ತುಂಬಿರ್ಬೇಕು ಅಂತ ಕಾನೂನಿನಾಗೆ ಐತೆ. ಇಷ್ಟಕ್ಕಿಂತ ಜಾಸ್ತಿ ಆಗಿರ್ಬಾರ್ದು ಅಂತ ಎಲ್ಲೈತೆ? ತೋರ್ಸು."

ದೊಡ್ಡಪ್ಪ ಚಿಕ್ಕಪ್ಪನ ಮುಖ ನೋಡಿದ. ಚಿಕ್ಕಪ್ಪ ಫ್ಯಾನು ನೋಡಿದ. ನಾನು ಒಳಗೊಳಗೇ ಶಿಳ್ಳೆ ಹಾಕಿದೆ! ಆಗ ದೊಡ್ಡಪ್ಪ ಕೊನೆಯ ಅಸ್ತ್ರ ತೆಗೆದ. "ನಮ್ಮ ಮನೆತನದಾಗೆ ಹಿಂದೆ ಇಂಥದ್ದು ಆಗಿಲ್ಲ. ಅಪ್ಪ ಇದ್ದಿದ್ರೆ ಒಪ್ತಿದ್ನಾ?"

ಅತ್ತೆಯ ಬೆರಳು ಶೇಂಗಾದ ಮೇಲೆ ನಿಂತಿತು.

"ಒಪ್ತಿರಲಿಲ್ಲ" ಅಂದಳು. "ಅದು ನನಗೆ ಚೆನ್ನಾಗಿ ಗೊತ್ತೈತಣ್ಣ. ನಿನಗೂ ಗೊತ್ತೈತೆ. ಅಪ್ಪನ ತೀರ್ಪು ತಪ್ಪಾಗಿದ್ರೆ ಅದನ್ನ ಯಾರೂ ತಿದ್ದಂಗಿಲ್ವಾ? ಮತ್ತೆ ದೊಡ್ಡ ಕೋರ್ಟು ಅಂತ ಇರೋದು ಯಾತಕ್ಕೆ?"

ದೊಡ್ಡಪ್ಪ ಎಗರಾಡುತ್ತಾನೆಂದು ನಾನು ಕಾದೆ. ಅವನು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸತೊಡಗಿದ, ಒರೆಸುತ್ತಲೇ ಇದ್ದ. ಅತ್ತೆ ಕುರ್ಚಿಯಲ್ಲಿ ನೆಟ್ಟಗಾಗಿ, ಪೇಪರಿನ ಕನ್ನಡದಲ್ಲಿ ತೀರ್ಪು ಓದಿದಳು. "ಮೇಲ್ಮನವಿಯನ್ನು ಪುರಸ್ಕರಿಸಲಾಗಿದೆ. ಹೊಸದುರ್ಗ ಮತ್ತು ಹಿರಿಯೂರಿನ ತೀರ್ಪುಗಳು ಕಾರಣ ಕೊಡದೆ ಇದ್ದುದರಿಂದ ರದ್ದು. ಮದುವೆಯ ತೆಂಗಿನಕಾಯಿಗಳನ್ನು ಹೊಸದುರ್ಗದ ಕೋರ್ಟೇ ತರತಕ್ಕದ್ದು!" ಮೊದಲು ಚಪ್ಪಾಳೆ ತಟ್ಟಿದವನು ಸ್ಟೂಲಿನ ಮೇಲಿದ್ದ ಚಿಕ್ಕಪ್ಪ.

ಮದುವೆ ಹೊರಕೆರೆದೇವಪುರದ ದೇವಸ್ಥಾನದಲ್ಲಿ ಆಯಿತು. ಆ ಹೊತ್ತಿಗೆ ದೊಡ್ಡಪ್ಪ ಎಷ್ಟು ಬದಲಾಗಿದ್ದನೆಂದರೆ, ಇಡೀ ಸಂಬಂಧವನ್ನು ತಾನೇ ಹುಡುಕಿ ತಂದವನ ಹಾಗೆ ಓಡಾಡುತ್ತಿದ್ದ. ಹೊಸದುರ್ಗದಲ್ಲಿ ಯಾರೋ "ಈ ವಯಸ್ಸಿನಾಗಾ?" ಎಂದು ಬಾಯಿ ಬಿಟ್ಟರೆ, "ಲೇ, ನೀನು ಈ ಕೇಸಿನಾಗೆ ಪಾರ್ಟಿ ಅಲ್ಲ, ನಡಿ ಅತ್ಲಾಗೆ" ಎಂದು ಓಡಿಸಿದನಂತೆ! ತೆಂಗಿನಕಾಯಿ ಮೂಟೆಗಟ್ಟಲೆ ಬಂದವು. ಮುಹೂರ್ತದ ಹೊತ್ತಿಗೆ ಮೈಕು ಕೆಟ್ಟಿತು. ಮದುಮಗನೇ ಬಾಸಿಂಗ ಕಟ್ಟಿಕೊಂಡು ಎದ್ದುಬಂದು, ಒಂದು ಸ್ಕ್ರೂಡ್ರೈವರ್ ಇಸಿದುಕೊಂಡು ಸರಿ ಮಾಡಿದರು. ದೊಡ್ಡಪ್ಪ ತಂಗಿಯ ತಲೆಗೆ ಎರಡೂ ಕೈತುಂಬ ಅಕ್ಷತೆ ಹಾಕಿದ. ಸಣ್ಣತ್ತೆ ಅಣ್ಣನ ಕಾಲಿಗೆ ಬಗ್ಗಿದವಳು ಬಹಳ ಹೊತ್ತು ಏಳಲಿಲ್ಲ. ಗೆದ್ದೆವು ಕಣ್ರೀ! ನಾನು ಯಾವ ಕ್ರಿಕೆಟ್ಟಿಗೂ ಅಷ್ಟು ಕುಣಿದವನಲ್ಲ.

ಊಟ ಮುಗಿಸಿ ನಾನೂ ಅತ್ತೆಯೂ ಕಾರಿನಲ್ಲಿ ಚಿತ್ರದುರ್ಗಕ್ಕೆ ಹೊರಟೆವು. ಹೊಳಲ್ಕೆರೆ ದಾಟಿದ ಮೇಲೆ, ಗೆಲುವಿನ ಹುರುಪಿನಲ್ಲಿ ನನಗೆ ಎಲ್ಲಿಲ್ಲದ ಧೈರ್ಯ ಬಂತು.

"ಅತ್ತೆ, ಅವತ್ತು ತಾತನ ತೀರ್ಪು ತಪ್ಪು ಅಂದ್ಯಲ್ಲ. ಅದು ಯಾರ ಕೇಸು?"

ಅವಳು ಕಿಟಕಿಯ ಆಚೆ ನೋಡುತ್ತಿದ್ದಳು. ಪ್ರಶ್ನೆಯನ್ನು ವಜಾ ಮಾಡಿದಳೆಂದೇ ತಿಳಿದೆ.

"ನಂದೇ" ಅಂದಳು. "ತುರುವನೂರಿನ ಮೇಷ್ಟ್ರು ಒಬ್ರು. ನಮ್ಮ ಸ್ಕೂಲಿನಾಗೇ ಡ್ರಾಯಿಂಗ್ ಹೇಳ್ಕೊಡ್ತಿದ್ರು. ಮನೆಗೆ ಬಂದು ಕೇಳಿದ್ರು. ಅಪ್ಪ ಉಣ್ತಾ ಕುಂತಿದ್ದ, ತಲೆ ಎತ್ತದೇ ಬ್ಯಾಡ ಅಂದ."

"ಕಾರಣ?"

"ಕೊಡಲಿಲ್ಲ. ನನ್ನ ಏನು ಅಂತ ಕೇಳ್ಲೂ ಇಲ್ಲ."

ಸಂಕಟವಾದಾಗ ನನಗೆ ಬರುವುದು ಸಿಟ್ಟೇ. "ಎಲ್ಲರ ಕೇಸೂ ಗೆಲ್ಲಿಸ್ತೀಯ, ನಿಂದು ಮಾತ್ರ ಹಂಗೇ ಬಿಟ್ಟುಬಿಟ್ಯಾ ಅತ್ತೆ?" ಎಂದು ರೇಗಿದೆ.

ಅತ್ತೆ ಸೆರಗಿನ ಗಂಟು ಬಿಚ್ಚಿದಳು. ಅದರಲ್ಲಿ ತಂಗಿಯ ಮದುವೆಯ ಅಕ್ಷತೆ ನಾಲ್ಕು ಕಾಳು ಉಳಿದಿತ್ತು. ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಮೆಲ್ಲಗೆ ಹೇಳಿದಳು.

"ಎಲ್ಲಿಗೆ ತಗಂಡು ಹೋಗ್ಲಪ್ಪ? ಆಗ ನಮ್ಮನೆಯಾಗೆ ಮ್ಯಾಲಿನ ಕೋರ್ಟು ಇರಲಿಲ್ಲ."