ಹಿರಿಯರ ಮೊದಲ ತುತ್ತು

ತನಗೆ ಗೌರವ ಬೇಡ ಎನ್ನುವವರನ್ನು ನಾನು ನಂಬುವುದಿಲ್ಲ. ನನಗಂತೂ ಬೇಕು. ಬೆಂಗಳೂರಿನಲ್ಲಿ ಕಚೇರಿಯ ಸೆಕ್ಯುರಿಟಿಯವನಿಂದ ಹಿಡಿದು ಅಪಾರ್ಟ್‌ಮೆಂಟಿನ ಕಾರ್ಯದರ್ಶಿಯವರೆಗೆ ಎಲ್ಲರಿಗೂ ನಾನು ‘ಸಾರ್’ ಆಗಿದ್ದೆ. ನೆದರ್‌ಲ್ಯಾಂಡ್ಸಿನ ಟಿಲ್‌ಬರ್ಗಿಗೆ ಬಂದ ಮೇಲೆ ಬರೀ ‘ನಾಗ್’. ಐವತ್ತರ ಅಂಚಿನಲ್ಲಿರುವ ನಾಗರಾಜನನ್ನು ಮ್ಯಾನೇಜರ್ ಹಾಗೆ ಕರೆದರೆ ಸಹಿಸಬಹುದು. ಮಗಳು ಪ್ರಣತಿಯ ಜೊತೆ ಆಡಲು ಬರುವ ಒಂಬತ್ತು ವರ್ಷದ ಹುಡುಗಿಯೂ ಬಾಗಿಲಲ್ಲಿ ನಿಂತು ‘ಹೊಯ್ ನಾಗ್’ ಎನ್ನುತ್ತಾಳೆ. ಅದು ಇಲ್ಲಿಯ ಪದ್ಧತಿ ಎಂದು ನನ್ನ ಹೆಂಡತಿ ಸುಮಂಗಲಾ ಸಮಾಧಾನ ಮಾಡುತ್ತಾಳೆ. ಅವಳಿಗೇನು, ಅವಳ ಮಾತಿಗೆ ಬೆಲೆ ಕೊಡಲು ಮನೆಯಲ್ಲಿ ನಾನಿದ್ದೇನೆ.

ಹೀಗಿರುವಾಗ ಎದುರು ಮನೆಗೆ ಕೊರಿಯಾದ ಜಿಹುನ್ ಮತ್ತು ಅವನ ಹೆಂಡತಿ ಸುಯೋನ್ ಬಂದರು. ಮೆಟ್ಟಿಲ ಮೇಲೆ ಸಿಕ್ಕ ಮೊದಲ ದಿನವೇ ಜಿಹುನ್ ನಾನು ಹುಟ್ಟಿದ ಇಸವಿ ಕೇಳಿದ. ಹೇಳಿದ ತಕ್ಷಣ ಸೊಂಟ ಬಗ್ಗಿಸಿ ವಂದಿಸಿದ. ಅವರಲ್ಲಿ ವಯಸ್ಸು ತಿಳಿಯದೆ ಮಾತೇ ಮುಂದುವರಿಯುವುದಿಲ್ಲವಂತೆ. ಆ ಶನಿವಾರವೇ ಊಟಕ್ಕೆ ಕರೆದರು. ಖಾರ ಹಚ್ಚಿ ಹುಳಿ ಬರಿಸಿದ ಎಲೆಕೋಸಿನ ಕಿಮ್ಚಿಗೆ ಅವರು ಮೀನಿನ ರಸ ಹಾಕುತ್ತಾರೆ. ನಾವು ಸಸ್ಯಾಹಾರಿಗಳೆಂದು ಸುಯೋನ್ ಅದಿಲ್ಲದೆ ಮಾಡಿ, ಹಿಟ್ಟಿನಲ್ಲಿ ಕಲಸಿ ದೋಸೆ ಹುಯ್ದಿದ್ದಳು. ಬಡಿಸಿಯಾಯಿತು, ಯಾರೂ ಮುಟ್ಟಲಿಲ್ಲ. ಮನೆಯವರು ಎರಡು ಸಲ ಬಲವಂತ ಮಾಡದೆ ತಟ್ಟೆಗೆ ಕೈ ಹಾಕುವುದು ಮರ್ಯಾದೆಯಲ್ಲವೆಂದು ನಾನು ಕಾದೆ. ಅವರೂ ಕಾದರು. ದೋಸೆ ಆರುತ್ತಾ ಹೋಯಿತು. ಕೊನೆಗೆ, ಕೊರಿಯನ್ ಧಾರಾವಾಹಿ ನೋಡಿ ನೋಡಿ ಪಂಡಿತಳಾಗಿರುವ ಸುಮಂಗಲಾ ಹುಬ್ಬಳ್ಳಿ ಕನ್ನಡದಲ್ಲಿ ಪಿಸುಗುಟ್ಟಿದಳು: “ರೀ, ಹಿರ್ಯಾರು ತಿನ್ನೂ ತನಕ ಅವ್ರು ಮುಟ್ಟಂಗಿಲ್ರಿ. ನಿಮ್ಮ ಸಲುವಾಗೇ ಕಾಯಾಕತ್ತಾರ. ಲಗೂನ ಒಂದ್ ತುತ್ತು ಬಾಯಿಗೆ ಹಾಕ್ರಿ, ಕೂಸಿಗೆ ಹಸಿವ್ಯಾಗೈತಿ.”

ತುತ್ತು ಹಾಕಿದೆ. ಒಮ್ಮೆಲೇ ಎಲ್ಲರ ಕೈಗಳೂ ಚಲಿಸಿದವು. ನನ್ನ ಮನೆಯಲ್ಲಿ ನಾನು ಊಟ ಮುಗಿಸಿ ಎದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಅಂದಿನಿಂದ ನನಗೆ ಕೊರಿಯಾದ ಸಂಸ್ಕೃತಿಯಲ್ಲಿ ಅಪಾರ ಆಸಕ್ತಿ ಹುಟ್ಟಿತು. ಪ್ರತಿ ಶನಿವಾರ ಅಲ್ಲೇ. ಜಿಹುನ್ ಎರಡೂ ಕೈಯಲ್ಲಿ ಹಿಡಿದು ಬಾರ್ಲಿ ಚಹಾ ಬಗ್ಗಿಸುತ್ತಿದ್ದ. ನಮ್ಮ ಚೌಕಾಬಾರದಂಥದೇ ಒಂದು ಆಟ ಅವರಲ್ಲಿದೆ, ಕವಡೆಯ ಬದಲು ನಾಲ್ಕು ಕಡ್ಡಿ ಎಸೆಯುತ್ತಾರೆ. ಮೊದಲ ಎಸೆತ ನನ್ನದೇ. ಗುಡ್ಡವೇ ಇಲ್ಲದ ಈ ಊರಿನಲ್ಲಿ ಗುಡ್ಡ ಹತ್ತುವ ಉಡುಪು ತೊಟ್ಟು ಕಾಲುವೆಯ ದಡದಲ್ಲಿ ನಡೆಯುವುದು ಅವರ ಇನ್ನೊಂದು ಹವ್ಯಾಸ. ಅಲ್ಲೂ ನಾನೇ ಮುಂದೆ, ದಾರಿ ಗೊತ್ತಿಲ್ಲದಿದ್ದರೂ.

ಆಮೇಲೆ ಊರಿನಿಂದ ಜಿಹುನನ ಅಪ್ಪ ಬಂದರು. ಎಪ್ಪತ್ತು ದಾಟಿದವರು. ನನ್ನ ಕುರ್ಚಿ ಅವರಿಗೆ ಹೋಯಿತು. ಹೊಟ್ಟೆ ಉರಿಯಿತು, ಆದರೂ ಎರಡೂ ಕೈಯಲ್ಲಿ ಚಹಾ ಬಗ್ಗಿಸಿ ಕೊಟ್ಟೆ. ದೋಸೆ ಬಂತು, ಎಲ್ಲರೂ ಕಾದೆವು, ಅವರು ಮುಟ್ಟಲಿಲ್ಲ. ಕೊರಿಯನ್ನಿನಲ್ಲಿ ಏನೋ ದೀರ್ಘವಾಗಿ ಹೇಳಿದರು. ಜಿಹುನ್ ಮುಖ ಕೆಂಪು ಮಾಡಿಕೊಂಡು ಇಂಗ್ಲಿಷಿನಲ್ಲಿ ತಿಳಿಸಿದ: “ಅಪ್ಪನಿಗೆ ಸಾಕಾಗಿದೆಯಂತೆ. ಊರಲ್ಲಿ ಎಲ್ಲರೂ ಅವರ ಬಾಯಿ ನೋಡುತ್ತಾ ಕೂರುತ್ತಾರೆ. ಇಲ್ಲಿ ಬೇಕರಿಯ ಹುಡುಗಿ ಹೆಸರು ಹಿಡಿದು ಕರೆದಳಂತೆ. ಅದಕ್ಕೇ ದಿನಾ ಬ್ರೆಡ್ ತರುತ್ತಾರೆ, ಬ್ರೆಡ್ ಅವರಿಗೆ ಸೇರುವುದಿಲ್ಲ. ನಾವೂ ಯೋಂಗ್‌ಸು ಅಂತಲೇ ಕರೆಯಬೇಕಂತೆ.”

ಮಗ ಎದ್ದು ಇನ್ನಷ್ಟು ಚಹಾ ತರಲು ಹೋದ. ಮುದುಕರು ಆಸೆಯಿಂದ ನನ್ನ ಕಡೆ ನೋಡಿದರು. ಪ್ರಯತ್ನಪಟ್ಟೆ; ಬಾಯಿಂದ ಹೊರಬಿದ್ದದ್ದು ‘ಸಾರ್’. ಅವರ ಮುಖ ಬಾಡಿತು, ನನಗೂ ಪಾಪ ಅನ್ನಿಸಿತು. ಅಷ್ಟರಲ್ಲಿ ಪ್ರಣತಿ, “ಯೋಂಗ್‌ಸು, ಕ್ಯಾನ್ ಐ ಹ್ಯಾವ್ ದಟ್ ಒನ್?” ಎಂದಳು. ಅವರು ಮೇಜು ತಟ್ಟಿ ನಕ್ಕು, ಮೊದಲ ದೋಸೆಯನ್ನು ಅವಳ ತಟ್ಟೆಗೆ ಹಾಕಿದರು. ಈಗ ಆಟದಲ್ಲಿ ಇಬ್ಬರೂ ಒಂದೇ ಪಕ್ಷ, ಮೋಸ ಮಾಡುವುದೂ ಜೊತೆಯಾಗಿಯೇ.

ನನ್ನ ಬಗ್ಗೆ ಜಿಹುನನ ಅಪ್ಪನ ಅಭಿಪ್ರಾಯ ಮೊನ್ನೆ ಸುಮಂಗಲಾಳ ಮೂಲಕ ತಿಳಿಯಿತು: “ಎದುರು ಮನೆಯ ಹಿರಿಯರು ಒಳ್ಳೆಯವರು, ಆದರೆ ಅವರಿದ್ದರೆ ಮನಸ್ಸು ಬಿಚ್ಚಿ ನಗಲು ಆಗುವುದಿಲ್ಲ.” ಶನಿವಾರ ಸ್ವಲ್ಪ ತಡವಾಗಿ ಹೋದೆ. ಒಳಗೆ ನನ್ನ ಹೆಂಡತಿ, ಮಗಳು, ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಬೆಲ್ ಒತ್ತಿದೆ. ನಗು ನಿಂತಿತು. ಬಾಗಿಲು ತೆರೆದು ಜಿಹುನ್ ಸೊಂಟ ಬಗ್ಗಿಸಿ ವಂದಿಸಿದ. ಅವನ ಹಿಂದೆ ಅವನ ಅಪ್ಪನೂ.